ಎನ್‌ಐಸಿಯುವಿನಲ್ಲಿ ಜನಾಂಗೀಯ ತಾರತಮ್ಯ: ಹೆತ್ತವರಿಗೂ ನರ್ಸುಗಳಿಗೂ ಒಂದು ಕೈಪಿಡಿ

ದಿನ ತುಂಬದೆ ಹುಟ್ಟಿದ ಮಗುವಿನ ಇನ್‌ಕ್ಯುಬೇಟರಿನ ಪಕ್ಕ ಕುಳಿತ ತಾಯಿಯನ್ನು ಯಾರಾದರೂ ಜನಾಂಗದ ಹೆಸರೆತ್ತಿ ಮುಖಕ್ಕೆ ಮುಖ ಕೊಟ್ಟು ಬೈಯುವುದು ಅಪರೂಪ. ಬೈದರೆ ಅದನ್ನು ಗುರುತಿಸಲು ಯಾವ ಕೈಪಿಡಿಯೂ ಬೇಕಾಗುವುದಿಲ್ಲ. ಎಲ್ಲರೂ ಎನ್‌ಐಸಿಯು ಎಂದೇ ಕರೆಯುವ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ತಾರತಮ್ಯ ಬರುವುದು ಇದಕ್ಕಿಂತ ಸದ್ದಿಲ್ಲದ ದಾರಿಯಲ್ಲಿ. ಪಕ್ಕದ ಮಗುವಿನ ಹೆತ್ತವರಿಗೆ ಹತ್ತು ನಿಮಿಷ ವಿವರಿಸಿದ ವೈದ್ಯರು ನಿಮ್ಮ ಬಳಿ ಎರಡು ಮಾತಿನಲ್ಲಿ ಮುಗಿಸುತ್ತಾರೆ. ಮಗುವಿನ ಮೈ ಹಳದಿಯಾಗಿ ಕಾಣುತ್ತಿದೆ ಎಂದರೆ "ನಿಮ್ಮವರ ಬಣ್ಣವೇ ಹಾಗಲ್ಲವೇ" ಎಂಬ ಉತ್ತರ ಬರುತ್ತದೆ. ಒಂದೇ ಪ್ರಶ್ನೆಯನ್ನು ಎರಡು ಬಾರಿ ಕೇಳಿದ ಬಿಳಿಯ ತಂದೆ ಕಾಳಜಿಯುಳ್ಳವನೆನಿಸುತ್ತಾನೆ, ಅದನ್ನೇ ಕೇಳಿದ ನಿಮ್ಮ ಗಂಡ ಜಗಳಗಂಟನೆನಿಸುತ್ತಾನೆ. ಇವುಗಳಲ್ಲಿ ಒಂದೊಂದನ್ನೇ ಬಿಡಿಸಿ ನೋಡಿದರೆ ಕೆಲಸದ ಒತ್ತಡ ಎಂದು ಸಮಾಧಾನ ಮಾಡಿಕೊಳ್ಳಬಹುದಾದ್ದರಿಂದಲೇ, ಮೂರು ವಾರ ಕಳೆದ ಮೇಲೆ ಏನೋ ಸರಿಯಿಲ್ಲ ಎಂಬ ಭಾವನೆಯೊಂದು ಉಳಿಯುತ್ತದೆಯೇ ಹೊರತು ಹೇಳಿಕೊಳ್ಳಲು ಕೈಯಲ್ಲಿ ಏನೂ ಇರುವುದಿಲ್ಲ.

ನಾನು ಕರ್ನಾಟಕದಲ್ಲಿ ನರ್ಸಿಂಗ್ ಓದಿ ಇಂಗ್ಲೆಂಡಿನ ಇಂಥ ಘಟಕಗಳಲ್ಲಿ ಪಾಳಿ ಮಾಡಿದವಳು. ಇನ್‌ಕ್ಯುಬೇಟರಿನ ಎರಡೂ ಬದಿಯಿಂದ ಈ ಕಷ್ಟವನ್ನು ನೋಡಿದ್ದೇನೆ. ಅಲ್ಲಿ ಕಲಿತ ಮುಖ್ಯವಾದ ಕೆಲಸ ಒಂದೇ: ಅನಿಸಿಕೆಯ ಮಾತು ಬಂದಲ್ಲೆಲ್ಲ ಅಳತೆಯನ್ನು ಕೇಳಬೇಕು, ಆ ಅಳತೆಯನ್ನು ದಿನಾಂಕ ಮತ್ತು ಗಂಟೆಯೊಂದಿಗೆ ಬರೆಸಬೇಕು ಅಥವಾ ತಾವೇ ಬರೆದಿಡಬೇಕು. ಮುಂದಿನ ಮಾತೆಲ್ಲ ಇದನ್ನು ಎಲ್ಲಿ, ಹೇಗೆ ಮಾಡುವುದು ಎಂಬುದರ ಬಗ್ಗೆ. ಕಾನೂನಿನ ವಿವರಗಳು ಮುಖ್ಯವಾಗಿ ಇಂಗ್ಲೆಂಡಿಗೆ ಸೇರಿದವು. ಅಮೆರಿಕದ ಮಾತು ಬಂದಲ್ಲಿ ಹಾಗೆಂದು ಹೇಳಿದ್ದೇನೆ.

ಬಣ್ಣದ ಮಾತು ಬಂದಾಗ

ನವಜಾತ ಶಿಶುವಿನ ಆರೈಕೆಯಲ್ಲಿ ಕಣ್ಣಳತೆಗೆ ಬಹಳ ಹಳೆಯ ಸ್ಥಾನವಿದೆ. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಎಪ್ಗಾರ್ 1952ರಲ್ಲಿ ಮಂಡಿಸಿ 1953ರಲ್ಲಿ ಪ್ರಕಟಿಸಿದ ಅಂಕಪಟ್ಟಿಯನ್ನು ಇಂದಿಗೂ ಜಗತ್ತಿನೆಲ್ಲೆಡೆ ಹೆರಿಗೆ ಕೋಣೆಗಳಲ್ಲಿ ಬಳಸುತ್ತಾರೆ. ಹುಟ್ಟಿದ ಒಂದನೆಯ ಮತ್ತು ಐದನೆಯ ನಿಮಿಷದಲ್ಲಿ ಮಗುವಿನ ಎದೆಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ ಮತ್ತು ಬಣ್ಣ ಎಂಬ ಐದು ಲಕ್ಷಣಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಟ್ಟು ಒಟ್ಟು ಹತ್ತಕ್ಕೆ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಬಣ್ಣಕ್ಕೆ ಪೂರ್ಣ ಅಂಕ ಸಿಗಬೇಕಾದರೆ ಮಗು ಮೈಯೆಲ್ಲ ನಸುಗೆಂಪಾಗಿ ಇರಬೇಕು. ಆ ಗುಲಾಬಿ ಬಣ್ಣ ಯಾರ ಮಗುವಿನದು ಎಂಬ ಪ್ರಶ್ನೆಯನ್ನು ವೈದ್ಯಲೋಕ ಗಟ್ಟಿಯಾಗಿ ಕೇಳಿಕೊಳ್ಳಲು ಎಷ್ಟೋ ದಶಕಗಳು ಬೇಕಾದವು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ರೇಸ್ ಅಂಡ್ ಹೆಲ್ತ್ ಅಬ್ಸರ್ವೇಟರಿಗಾಗಿ ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದವರು ನಡೆಸಿ 2023ರ ಜುಲೈನಲ್ಲಿ ಹೊರಬಂದ ಪರಿಶೀಲನೆಯು ಎಪ್ಗಾರ್ ಅಂಕ, ಆಮ್ಲಜನಕದ ಕೊರತೆಯಿಂದ ಮೈ ನೀಲಿಗಟ್ಟುವುದು ಮತ್ತು ಕಾಮಾಲೆ ಎಂಬ ಮೂರನ್ನೂ ಕೈಗೆತ್ತಿಕೊಂಡು, ಕಪ್ಪು ಮತ್ತು ಕಂದು ಮೈಬಣ್ಣದ ಮಕ್ಕಳಲ್ಲಿ ಕಣ್ಣಳತೆಯನ್ನೇ ನೆಚ್ಚುವುದು ಏಕೆ ಸಲ್ಲದೆಂಬುದನ್ನು ಎತ್ತಿ ತೋರಿಸಿತು. ಇದನ್ನು ನೀವು ಯಾರಿಗೂ ಪಾಠ ಹೇಳಬೇಕಾಗಿಲ್ಲ. ಮಗುವಿನ ಬಣ್ಣ ಚೆನ್ನಾಗಿದೆ ಎಂದೋ ಚೆನ್ನಾಗಿಲ್ಲ ಎಂದೋ ಯಾರಾದರೂ ಹೇಳಿದಾಗ, "ನೀವು ಎಲ್ಲಿ ನೋಡಿ ಹೇಳುತ್ತಿದ್ದೀರಿ?" ಎಂದು ಮೃದುವಾಗಿ ಕೇಳಿದರೆ ಸಾಕು. ನಮ್ಮ ಮಕ್ಕಳಲ್ಲಿ ನೋಡಬೇಕಾದ ಜಾಗಗಳು ನಾಲಿಗೆ, ಒಸಡು, ತುಟಿಯ ಒಳಭಾಗ, ಅಂಗೈ ಮತ್ತು ಅಂಗಾಲು. ಒಳ್ಳೆಯ ನರ್ಸ್ ಈ ಪ್ರಶ್ನೆಗೆ ಸಿಟ್ಟಾಗದೆ ಮಗುವಿನ ತುಟಿ ಬಿಡಿಸಿ ತೋರಿಸುತ್ತಾರೆ.

ಕಾಮಾಲೆಯ ವಿಷಯದಲ್ಲಂತೂ ನಿಮ್ಮ ಕೈ ಇನ್ನೂ ಗಟ್ಟಿ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2010ರಲ್ಲಿ ಹೊರಡಿಸಿದ ನವಜಾತ ಕಾಮಾಲೆಯ ಮಾರ್ಗಸೂಚಿಯೇ, ಮೈಯನ್ನು ಹಳದಿಯಾಗಿಸುವ ಬಿಲಿರುಬಿನ್ ಎಂಬ ವಸ್ತು ರಕ್ತದಲ್ಲಿ ಎಷ್ಟಿದೆ ಎಂಬುದನ್ನು ಬರಿಗಣ್ಣಿನಿಂದ ಅಂದಾಜು ಮಾಡಬಾರದು ಎನ್ನುತ್ತದೆ. ಮಗುವನ್ನು ಒಳ್ಳೆಯ ಬೆಳಕಿನಲ್ಲಿ ಬಟ್ಟೆ ಬಿಚ್ಚಿ ನೋಡಬೇಕು, ಕಣ್ಣಿನ ಬಿಳಿಭಾಗ ಮತ್ತು ಒಸಡುಗಳನ್ನು ಪರೀಕ್ಷಿಸಬೇಕು, ಚರ್ಮವನ್ನು ಮೆಲ್ಲಗೆ ಒತ್ತಿ ರಕ್ತ ಸರಿದ ಜಾಗದ ಬಣ್ಣ ನೋಡಬೇಕು. ಹಳದಿ ಕಂಡಿತೆಂದರೆ ಹುಟ್ಟಿ 24 ಗಂಟೆ ಆಗಿಲ್ಲದ ಮಗುವಿಗೆ 2 ಗಂಟೆಯೊಳಗೆ, ಅದಕ್ಕಿಂತ ದೊಡ್ಡ ಮಗುವಿಗೆ 6 ಗಂಟೆಯೊಳಗೆ ಬಿಲಿರುಬಿನ್ ಅಳೆಯಬೇಕು. ಹಣೆಯ ಮೇಲೆ ಇಟ್ಟು ಅಳೆಯುವ ಪುಟ್ಟ ಯಂತ್ರವನ್ನು 35 ವಾರ ತುಂಬಿ ಹುಟ್ಟಿದ, 24 ಗಂಟೆ ಕಳೆದ ಮಕ್ಕಳಿಗೆ ಮಾತ್ರ ಬಳಸಬಹುದು. ಅದು ಲೀಟರಿಗೆ 250 ಮೈಕ್ರೊಮೋಲ್‌ಗಿಂತ ಹೆಚ್ಚು ತೋರಿಸಿದರೆ ರಕ್ತ ಪರೀಕ್ಷೆ ಆಗಲೇಬೇಕು. ಹಾಗಾಗಿ "ಇಂಡಿಯನ್ ಮಕ್ಕಳು ಸ್ವಲ್ಪ ಹಳದಿಯೇ" ಎಂದು ಯಾರಾದರೂ ಅಂದರೆ, ಅದು ಜನಾಂಗೀಯವೋ ಅಲ್ಲವೋ ಎಂಬ ಚರ್ಚೆಗೆ ಆ ರಾತ್ರಿ ಇಳಿಯಬೇಡಿ. "ಬಿಲಿರುಬಿನ್ ಸಂಖ್ಯೆ ಎಷ್ಟು, ಯಾವ ಗಂಟೆಗೆ ತೆಗೆದದ್ದು, ಚಿಕಿತ್ಸೆಯ ಗೆರೆಯಿಂದ ಎಷ್ಟು ದೂರವಿದೆ?" ಎಂದು ಕೇಳಿ. ಆ ಸಂಖ್ಯೆಯನ್ನು ಗುರುತಿಸುವ ಗ್ರಾಫ್ ಮಗುವಿನ ಕಡತದಲ್ಲೇ ಇರುತ್ತದೆ, ತೋರಿಸಿ ಎಂದರೆ ತೋರಿಸುತ್ತಾರೆ.

ಯಂತ್ರಗಳಿಗೆ ಮೈಬಣ್ಣದ ಹಂಗಿಲ್ಲ ಎಂದುಕೊಳ್ಳುವಂತೆಯೂ ಇಲ್ಲ. ಮಗುವಿನ ಪಾದಕ್ಕೋ ಮಣಿಕಟ್ಟಿಗೋ ಸುತ್ತುವ ಪಲ್ಸ್ ಆಕ್ಸಿಮೀಟರ್ ಚರ್ಮದ ಮೂಲಕ ಬೆಳಕು ಹಾಯಿಸಿ ಆಮ್ಲಜನಕವನ್ನು ಅಂದಾಜು ಮಾಡುವುದರಿಂದ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಆ ಲೆಕ್ಕವನ್ನು ಏರುಪೇರು ಮಾಡಬಲ್ಲದು. ಅಮೆರಿಕದ ಆಸ್ಪತ್ರೆಗಳ ವಯಸ್ಕ ರೋಗಿಗಳ ಬಗ್ಗೆ 2020ರ ಡಿಸೆಂಬರಿನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯಂತ್ರ ಶೇ. 92ರಿಂದ 96 ಎಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ನಿಜವಾಗಿ ಶೇ. 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ದಿನ ತುಂಬದ ಮಕ್ಕಳಲ್ಲೂ ಇಂಥ ವ್ಯತ್ಯಾಸ ಕಂಡುಬಂದಿದೆ. ಉಸಿರಾಟಕ್ಕೆ ನೆರವು ಬೇಕಾದ ಅಂಥ ಮಕ್ಕಳ ಆಮ್ಲಜನಕವನ್ನು ಶೇ. 91ರಿಂದ 95ರ ನಡುವೆ ಇಡಬೇಕೆಂದು ನೈಸ್ ಹೇಳುತ್ತದೆ. ಇಷ್ಟು ಕಿರಿದಾದ ಅಂತರದಲ್ಲಿ ಎರಡು ಮೂರು ಅಂಶದ ತಪ್ಪೂ ತಪ್ಪೇ. ಇದನ್ನು ಓದಿ ಮಾನಿಟರನ್ನೇ ನಂಬದೆ ರಾತ್ರಿಯಿಡೀ ಎದ್ದು ಕೂರಬೇಡಿ. ಬೆಳಗಿನ ರೌಂಡ್ಸ್‌ನಲ್ಲಿ "ರಕ್ತದ ಅನಿಲ ಪರೀಕ್ಷೆಯ ಸಂಖ್ಯೆಗೂ ಮಾನಿಟರಿನ ಸಂಖ್ಯೆಗೂ ಹೊಂದಾಣಿಕೆ ಇದೆಯೇ?" ಎಂದು ಒಮ್ಮೆ ಕೇಳಿಬಿಡಿ. ಹಾಗೆ ಕೇಳಿದ ತಂದೆಯೊಬ್ಬರ ಮಗುವಿನ ಬಗ್ಗೆ ಮರುದಿನದಿಂದ ಕಿರಿಯ ವೈದ್ಯರು ತಾವಾಗಿಯೇ ಎರಡೂ ಸಂಖ್ಯೆ ಹೇಳತೊಡಗಿದ್ದನ್ನು ಕಂಡಿದ್ದೇನೆ.

ಮಾತು ಮತ್ತು ಹೆಸರು

ಇಂಗ್ಲಿಷ್ ಬರುವುದೇ ಬೇರೆ, ಮಗುವಿನ ಮಿದುಳಿನಲ್ಲಿ ರಕ್ತಸ್ರಾವವಾಗಿದೆ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳುವುದೇ ಬೇರೆ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮಾತನಾಡುವ ಗಂಡನನ್ನೇ ದುಭಾಷಿಯಾಗಿ ಮಾಡಿಕೊಂಡು ಕೆಲಸ ಮುಗಿಸುವುದು ಘಟಕದವರಿಗೆ ಸುಲಭ. ಆದರೆ ಅವನೂ ಅದೇ ಮಗುವಿನ ತಂದೆ. ಹೆಂಡತಿಗೆ ನೋವಾಗದಿರಲೆಂದು ಅರ್ಧ ನುಂಗಿ ಅರ್ಧ ಹೇಳುತ್ತಾನೆ, ತನಗೇ ಅರ್ಥವಾಗದ್ದನ್ನು ಅರ್ಥವಾದಂತೆ ಹೇಳುತ್ತಾನೆ. ಮನೆಯವರನ್ನು ದುಭಾಷಿಯಾಗಿ ಬಳಸುವುದು ಸರಿಯಲ್ಲವೆಂದು ಎನ್‌ಎಚ್‌ಎಸ್‌ನ ಮಾರ್ಗದರ್ಶನವೇ ಹೇಳುತ್ತದೆ; ದುಭಾಷಿಯ ಖರ್ಚು ಆಸ್ಪತ್ರೆಯದು, ನಿಮ್ಮದಲ್ಲ. ಕೇಳುವಾಗ ಒಂದು ಮಾತನ್ನು ಬಿಡಿಸಿ ಹೇಳಿ: ಕನ್ನಡದ ದುಭಾಷಿ ಬೇಕು. "ಇಂಡಿಯನ್" ಎಂದೊಡನೆ ಫೋನಿನ ಆ ತುದಿಯಲ್ಲಿ ಹಿಂದಿಯವರು ಬಂದು ಕೂರುವುದು ತೀರ ಸಾಮಾನ್ಯ, ಸಂಕೋಚದಿಂದ ತಲೆಯಾಡಿಸುವ ನಮ್ಮ ಹೆಣ್ಣುಮಕ್ಕಳೂ ಅಷ್ಟೇ ಸಾಮಾನ್ಯ. ದುಭಾಷಿ ಬೇಕು ಎಂದು ಕೇಳಿದ ದಿನವನ್ನೂ ಸಿಕ್ಕ ದಿನವನ್ನೂ ಬರೆದಿಡಿ. ಮಗು ದಾಖಲಾದ 24 ಗಂಟೆಯೊಳಗೆ ಹಿರಿಯ ಸಿಬ್ಬಂದಿಯೊಬ್ಬರು ಹೆತ್ತವರೊಂದಿಗೆ ಕುಳಿತು ಮಾತನಾಡಿದರೇ ಎಂಬುದು ಬ್ರಿಟನ್ನಿನ ರಾಷ್ಟ್ರೀಯ ನವಜಾತ ಆರೈಕೆಯ ಲೆಕ್ಕಪರಿಶೋಧನೆಯಲ್ಲಿ ಅಳೆಯುವ ಅಂಶ. ನಿಮ್ಮೊಂದಿಗೆ ಆ ಮಾತು ನಡೆಯಿತೆಂದು ಕಡತದಲ್ಲಿ ಗುರುತು ಬಿದ್ದಿದ್ದು, ನಿಮಗೆ ಅದರಲ್ಲಿ ಒಂದಕ್ಷರವೂ ತಲೆಗೆ ಹೋಗಿಲ್ಲದಿದ್ದರೆ, ಆ ಮಾತುಕತೆ ಮತ್ತೊಮ್ಮೆ ಆಗಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ.

ಹೆಸರಿನ ವಿಷಯ ಚಿಕ್ಕದೆನಿಸಿದರೂ ಸುರಕ್ಷತೆಗೆ ಸೇರಿದ್ದು. ಅಲ್ಲಿ ಮಗುವಿನ ಕಾಲಿನ ಪಟ್ಟಿಯ ಮೇಲೆ ಸಾಮಾನ್ಯವಾಗಿ ತಾಯಿಯ ಕುಲನಾಮ ಇರುತ್ತದೆ. ನಮ್ಮಲ್ಲಿ ಎಷ್ಟೋ ಜನರಿಗೆ ಇರುವುದು ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ಲುಗಳು ಮಾತ್ರ. ಪಾಸ್‌ಪೋರ್ಟ್ ಮಾಡಿಸುವಾಗ ಅದು ಒಂದೊಂದು ಕಡೆ ಒಂದೊಂದು ರೀತಿ ಬಿಡಿಸಿಕೊಂಡಿರುತ್ತದೆ. ತಾಯಿಯ ಕಡತ, ಮಗುವಿನ ಪಟ್ಟಿ, ಹಾಲಿನ ಬಾಟಲಿಯ ಚೀಟಿ ಈ ಮೂರರಲ್ಲಿ ಕಾಗುಣಿತ ಒಂದೇ ಇದೆಯೇ ಎಂದು ಮೊದಲ ದಿನವೇ ನೋಡಿ. ನಿಮ್ಮ ಹೆಸರನ್ನು ಉಚ್ಚರಿಸಲಾಗದೆ ನಗುವವರಿಗೆ ಒಂದೆರಡು ಬಾರಿ ಹೇಳಿಕೊಡಿ, ಇನ್‌ಕ್ಯುಬೇಟರಿನ ಮೇಲಿನ ಕಾರ್ಡಿನಲ್ಲಿ ಉಚ್ಚಾರಣೆಯನ್ನು ಬಿಡಿಸಿ ಬರೆದು ಅಂಟಿಸಿ. ನಾಮಕರಣಕ್ಕೆ ಮುಂಚೆ ಮಗುವನ್ನು ಹೆಸರಿಟ್ಟು ಕರೆಯುವ ರೂಢಿ ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಅದನ್ನೂ ಹೇಳಿ. ಹೇಳದಿದ್ದರೆ "ಇನ್ನೂ ಹೆಸರನ್ನೇ ಇಟ್ಟಿಲ್ಲ" ಎಂಬುದು ಬೇರೆಯದೇ ಅರ್ಥ ಪಡೆದು ಕಡತ ಸೇರುತ್ತದೆ.

ಕಡತದಲ್ಲಿ ನಿಮ್ಮ ಬಗ್ಗೆ ಏನಿದೆ

ನಾನು ಕೆಲಸಕ್ಕಿದ್ದ ಒಂದು ಘಟಕದಲ್ಲಿ ಹಾಸನದ ಕಡೆಯ ಹುಡುಗಿಯೊಬ್ಬಳ ಮಗು 29ನೆಯ ವಾರಕ್ಕೆ ಹುಟ್ಟಿತ್ತು. ಊರಿನಿಂದ ಬಂದಿದ್ದ ಅತ್ತೆ, ಬಾಣಂತಿಗೆ ಥಂಡಿ ತಾಗಬಾರದೆಂದು ಆಕೆಯನ್ನು ನಾಲ್ಕು ದಿನ ಮನೆಯಿಂದ ಹೊರಗೆ ಬಿಡಲಿಲ್ಲ. ಗಂಡ ದಿನಕ್ಕೆ ಎರಡು ಬಾರಿ ಎದೆಹಾಲಿನ ಬಾಟಲಿಗಳನ್ನು ತಂದುಕೊಡುತ್ತಿದ್ದ. ಐದನೆಯ ದಿನ ಆಕೆ ಬಂದಾಗ ಕಡತದಲ್ಲಿ ತಾಯಿ ಭೇಟಿಗೆ ಬರುತ್ತಿಲ್ಲ, ಬಾಂಧವ್ಯದ ಬಗ್ಗೆ ಕಳವಳವಿದೆ ಎಂಬ ಸಾಲು ಇತ್ತು. ಮೂರು ಗಂಟೆಗೊಮ್ಮೆ ಎದ್ದು ಹಾಲು ಹಿಂಡಿ ಕಳಿಸುತ್ತಿದ್ದ ಸಂಗತಿ ಎಲ್ಲಿಯೂ ಇರಲಿಲ್ಲ. ಬರೆದವರು ಕೆಟ್ಟವರಲ್ಲ. ಅವರಿಗೆ ಬಾಣಂತನ ಗೊತ್ತಿರಲಿಲ್ಲ, ಕೇಳುವ ಮನಸ್ಸೂ ಬರಲಿಲ್ಲ. ಸಿಸೇರಿಯನ್ ಆಗಿ ಜ್ವರ ಬಂದು ಮನೆಯಲ್ಲೇ ಉಳಿದಿದ್ದ ಬಿಳಿಯ ತಾಯಿಯ ಬಗ್ಗೆ ಅದೇ ವಾರ ಅದೇ ಕೈ ಬರೆದದ್ದು, ತಾಯಿ ಚೇತರಿಸಿಕೊಳ್ಳುತ್ತಿದ್ದಾರೆ ಎಂದು. ಈ ಎರಡು ಸಾಲುಗಳ ನಡುವಿನ ಅಂತರಕ್ಕೆ ಏನು ಹೆಸರು ಕೊಡಬೇಕೆಂದು ನನ್ನನ್ನು ಕೇಳಿದರೆ, ಜನಾಂಗೀಯ ತಾರತಮ್ಯವೆಂದೇ ಹೇಳುತ್ತೇನೆ. ಬೈಗುಳವನ್ನು ಒಂದು ದಿನ ಮರೆಯಬಹುದು, ಇಂಥ ಸಾಲು ಪಾಳಿಯಿಂದ ಪಾಳಿಗೆ ಓದಿಸಿಕೊಳ್ಳುತ್ತ ಹೋಗುತ್ತದೆ.

ಆದ್ದರಿಂದ ಬರಲಾಗದ ದಿನ ಫೋನ್ ಮಾಡಿ, ಬರಲಾಗದ ಕಾರಣವನ್ನೂ ಹಾಲು ಕಳಿಸಿದ ಸಂಗತಿಯನ್ನೂ ಬರೆದುಕೊಳ್ಳಿ ಎಂದು ಹೇಳಿ, ಮಾತನಾಡಿದವರ ಹೆಸರನ್ನು ನಿಮ್ಮ ಡೈರಿಯಲ್ಲಿ ಗುರುತು ಹಾಕಿಕೊಳ್ಳಿ. ಕಪ್ಪು ದಾರ ಕಟ್ಟುವುದೋ ದೃಷ್ಟಿಬೊಟ್ಟು ಇಡುವುದೋ ನಿಮಗೆ ಮುಖ್ಯವಾಗಿದ್ದರೆ, ಮಾಡಿದ ಮೇಲೆ ಬೈಸಿಕೊಳ್ಳುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು. ಮೊಣಕೈಯ ಕೆಳಗೆ ಬಳೆ, ಗಡಿಯಾರ ಯಾವುದೂ ಇರಬಾರದೆಂಬುದು ಸೋಂಕು ತಡೆಯುವ ನಿಯಮ, ಅದು ಎಲ್ಲರಿಗೂ ಒಂದೇ. ಅದನ್ನು ತಾರತಮ್ಯವೆಂದು ತಿಳಿದು ಜಗಳಕ್ಕೆ ಹೋದರೆ ನಿಜವಾದ ದೂರಿಗೂ ಬೆಲೆ ಉಳಿಯುವುದಿಲ್ಲ. ಆದರೆ ಇನ್‌ಕ್ಯುಬೇಟರಿನ ಹೊರಗೆ ಪುಟ್ಟ ದೇವರ ಪಟವನ್ನೋ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ ದಾರವನ್ನೋ ಇಡಲು ಬಿಡುವುದಿಲ್ಲ ಎಂದು ನಿಮಗೆ ಮಾತ್ರ ಹೇಳಿ, ಎದುರಿನ ಮಗುವಿನ ಬಳಿ ಟೆಡ್ಡಿಯೂ ಶಿಲುಬೆಯೂ ಇದ್ದರೆ, ಅದು ಬೇರೆ ಮಾತು. ನಿಯಮವೊಂದರಿಂದ ನೋವಾದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ಇದು ಈ ಕೋಣೆಯಲ್ಲಿ ಎಲ್ಲರಿಗೂ ಇದೆಯೇ?

ಮಗುವಿನ ಮತ್ತು ನಿಮ್ಮ ದಾಖಲೆಗಳ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ದತ್ತಾಂಶ ರಕ್ಷಣೆಯ ಕಾನೂನಿನಲ್ಲಿದೆ. ಸಾಮಾನ್ಯವಾಗಿ ಹಣ ಕೊಡಬೇಕಾಗಿಲ್ಲ, ಒಂದು ತಿಂಗಳೊಳಗೆ ಅವರು ಕೊಡಬೇಕು. ತಪ್ಪು ಸಾಲು ಕಂಡರೆ ಅದನ್ನು ಅಳಿಸಿ ಎಂದು ಹಟ ಹಿಡಿಯಬೇಡಿ, ವೈದ್ಯಕೀಯ ದಾಖಲೆಯನ್ನು ಅವರು ಅಷ್ಟು ಸುಲಭವಾಗಿ ಅಳಿಸುವುದಿಲ್ಲ. ಅದರ ಪಕ್ಕದಲ್ಲಿ ಹೆತ್ತವರ ವಿವರಣೆ ಸೇರಿಸಿ ಎಂದು ಲಿಖಿತವಾಗಿ ಕೇಳಿ. ಮುಂದೆ ಓದುವವರು ಎರಡನ್ನೂ ಓದುತ್ತಾರೆ.

ದೂರು ಕೊಡುವಾಗ

ಮಗು ಇನ್ನೂ ಅವರ ಕೈಯಲ್ಲೇ ಇರುವಾಗ ದೂರು ಕೊಟ್ಟರೆ ಮಗುವಿಗೆ ತೊಂದರೆಯಾದೀತು ಎಂಬ ಹೆದರಿಕೆ ಎಲ್ಲ ಹೆತ್ತವರಿಗೂ ಇರುತ್ತದೆ. ಅದನ್ನು ಹೆದರಿಕೆಯಷ್ಟೇ ಎಂದು ತಳ್ಳಿಹಾಕುವುದು ಸುಳ್ಳು ಧೈರ್ಯ ಹೇಳಿದಂತೆ. ಅದಕ್ಕಾಗಿಯೇ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೊದಲ ಮೆಟ್ಟಿಲು ಆ ಪಾಳಿಯ ಹಿರಿಯ ನರ್ಸ್ ಅಥವಾ ಘಟಕದ ಮುಖ್ಯಸ್ಥೆ. ಅವರ ಬಳಿ "ನೀವು ರೇಸಿಸ್ಟ್" ಎಂದು ಆರಂಭಿಸಿದರೆ ಮಾತು ಆ ಪದದ ಸುತ್ತಲೇ ತಿರುಗಿ ಮುಗಿಯುತ್ತದೆ. "ಮಂಗಳವಾರ ರಾತ್ರಿ ಹತ್ತಕ್ಕೆ ಕಾಮಾಲೆ ಬಗ್ಗೆ ಕೇಳಿದೆ, ಬಣ್ಣವೇ ಹಾಗೆ ಎಂದರು, ಬುಧವಾರ ಮಧ್ಯಾಹ್ನದವರೆಗೆ ಅಳೆಯಲಿಲ್ಲ, ನಮ್ಮ ಬಣ್ಣದ ಕಾರಣಕ್ಕೆ ಹೀಗಾಯಿತೆಂದು ನನಗೆ ಅನಿಸುತ್ತಿದೆ" ಎಂದು ಹೇಳಿ. ಕೊನೆಯ ವಾಕ್ಯವನ್ನು ಸಂಕೋಚದಿಂದ ನುಂಗಬೇಡಿ. ಅದಿಲ್ಲದಿದ್ದರೆ ಇದು ಬರಿಯ ತಡವಾದ ಪರೀಕ್ಷೆಯ ದೂರಾಗಿ ಉಳಿಯುತ್ತದೆ.

ಅಲ್ಲಿ ಪರಿಹಾರ ಸಿಗದಿದ್ದರೆ ಇಂಗ್ಲೆಂಡಿನ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ಪ್ಯಾಲ್ಸ್ ಎಂಬ ರೋಗಿಗಳ ಸಲಹಾ ವಿಭಾಗವಿರುತ್ತದೆ, ಅವರು ಮಧ್ಯಸ್ಥಿಕೆ ವಹಿಸುತ್ತಾರೆ. ಔಪಚಾರಿಕ ದೂರನ್ನು ಸಾಮಾನ್ಯವಾಗಿ 12 ತಿಂಗಳೊಳಗೆ ಕೊಡಬೇಕು. ತಲುಪಿತೆಂಬ ಉತ್ತರ 3 ಕೆಲಸದ ದಿನಗಳೊಳಗೆ ಬರಬೇಕು. ಆಸ್ಪತ್ರೆಯ ಅಂತಿಮ ಉತ್ತರ ಒಪ್ಪಿಗೆಯಾಗದಿದ್ದರೆ ಸಂಸತ್ತು ಮತ್ತು ಆರೋಗ್ಯ ಸೇವೆಗಳ ಒಂಬುಡ್ಸ್‌ಮನ್ ಎಂಬ ಸ್ವತಂತ್ರ ದೂರು ವಿಚಾರಣಾಧಿಕಾರಿಯ ಬಳಿ ಹೋಗಬಹುದು. ಇದರಲ್ಲಿ ಅಡಗಿರುವ ಒಂದು ಗುಂಡಿಯನ್ನು ಮಾತ್ರ ಮರೆಯಬೇಡಿ. 2010ರ ಸಮಾನತಾ ಕಾಯ್ದೆಯ ಪ್ರಕಾರ ಸೇವೆ ಕೊಡುವಲ್ಲಿ ಜನಾಂಗದ ಆಧಾರದ ಮೇಲೆ, ಅಂದರೆ ಮೈಬಣ್ಣ, ರಾಷ್ಟ್ರೀಯತೆ, ಜನಾಂಗೀಯ ಅಥವಾ ರಾಷ್ಟ್ರೀಯ ಮೂಲದ ಕಾರಣಕ್ಕೆ, ಭೇದ ಮಾಡಿದರೆ ಕೌಂಟಿ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ಅದರ ಗಡುವು ಘಟನೆ ನಡೆದ ದಿನದಿಂದ ಆರು ತಿಂಗಳಿಗೆ ಒಂದು ದಿನ ಕಡಿಮೆ. ಆಸ್ಪತ್ರೆಯ ಒಳಗಿನ ದೂರು ನಡೆಯುತ್ತಿದೆಯೆಂದು ಆ ಗಡಿಯಾರ ನಿಲ್ಲುವುದಿಲ್ಲ. ಉತ್ತರ ಬರಲೆಂದು ಏಳು ತಿಂಗಳು ಕಾದವರ ಕೈಗೆ ವಿಷಾದದ ಪತ್ರವೊಂದು ಬಂದಾಗ ನ್ಯಾಯಾಲಯದ ಬಾಗಿಲು ಮುಚ್ಚಿರುತ್ತದೆ. ನಾಲ್ಕನೆಯ ತಿಂಗಳಿಗಾದರೂ ಸಮಾನತಾ ಸಲಹಾ ಸೇವೆಯಾದ ಇಎಎಸ್ಎಸ್‌ಗೆ ಫೋನ್ ಮಾಡಿ ಕೇಳಿಬಿಡಿ. 1979ರಿಂದ ಇಂಥ ಮಕ್ಕಳ ಹೆತ್ತವರ ಜೊತೆ ನಿಂತಿರುವ ಬ್ಲಿಸ್ ಎಂಬ ಸಂಸ್ಥೆಯೂ ಘಟಕದೊಂದಿಗೆ ಮಾತನಾಡುವುದು ಹೇಗೆಂಬುದಕ್ಕೆ ನೆರವಾಗುತ್ತದೆ.

ಅಮೆರಿಕದಲ್ಲಿರುವವರಿಗೆ ದಾರಿ ಬೇರೆ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳಿಗೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೆಯ ಅಧ್ಯಾಯ ಅನ್ವಯಿಸುತ್ತದೆ, ಕೇಂದ್ರ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನಗಳೊಳಗೆ ದೂರು ಕೊಡಬೇಕು. ಅಲ್ಲಿ ಇನ್ನೊಂದು ಸಂಗತಿಯೂ ಇದೆ: 743 ಎನ್‌ಐಸಿಯುಗಳನ್ನು ನೋಡಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಪ್ಪು ಜನಾಂಗದ ಅತಿ ಕಡಿಮೆ ತೂಕದ ಮಕ್ಕಳು ಆರೈಕೆಯ ಗುಣಮಟ್ಟ ಕಡಿಮೆಯಿದ್ದ ಘಟಕಗಳಲ್ಲೇ ಹೆಚ್ಚಾಗಿ ಸೇರಿರುವುದನ್ನು ಕಂಡಿತು. ಮಗುವಿನ ಆಂಬ್ಯುಲೆನ್ಸ್ ಯಾವ ಆಸ್ಪತ್ರೆಯ ಬಾಗಿಲಿಗೆ ಹೋಗುತ್ತದೆ ಎಂಬಲ್ಲಿಯೇ ತಾರತಮ್ಯ ಶುರುವಾಗಿರಬಹುದು, ಒಳಗಿನ ನರ್ಸ್ ಎಷ್ಟೇ ಒಳ್ಳೆಯವಳಾಗಿದ್ದರೂ. ಜೊತೆಗೆ ಒಂದು ಎಚ್ಚರಿಕೆ. ಕಪ್ಪು ವೈದ್ಯರು ನೋಡಿಕೊಂಡ ಕಪ್ಪು ಮಕ್ಕಳು ಹೆಚ್ಚು ಬದುಕುತ್ತಾರೆ ಎಂಬ, ಫ್ಲಾರಿಡಾದ ಹೆರಿಗೆಗಳ ಆಧಾರದ 2020ರ ಅಧ್ಯಯನವನ್ನು ದೂರಿನಲ್ಲಿ ಉಲ್ಲೇಖಿಸುವವರಿದ್ದಾರೆ. 1500 ಗ್ರಾಮಿಗಿಂತ ಕಡಿಮೆ ತೂಕದ ಮಕ್ಕಳನ್ನು ಸರಿಯಾಗಿ ಲೆಕ್ಕಕ್ಕೆ ತಂದರೆ ಆ ವ್ಯತ್ಯಾಸ ಉಳಿಯುವುದಿಲ್ಲವೆಂದು 2024ರಲ್ಲಿ ಅದೇ ಪತ್ರಿಕೆಯಲ್ಲಿ ಮರುವಿಶ್ಲೇಷಣೆ ಬಂದಿದೆ. ನಿಮ್ಮ ಮಗುವಿಗೆ ಆದದ್ದನ್ನು ಬರೆಯಿರಿ, ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇರೆ ಬೇಕಿಲ್ಲ.

ಪಾಳಿಯಲ್ಲಿರುವವರಿಗೆ

ಈಗ ಇನ್‌ಕ್ಯುಬೇಟರಿನ ಈ ಬದಿ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ ಆಸ್ಪತ್ರೆಯೊಂದರ ಎನ್‌ಐಸಿಯುವಿನಲ್ಲಿ 2012ರಲ್ಲಿ, ತೋಳಿನ ಮೇಲೆ ಸ್ವಸ್ತಿಕದಂತಹ ನಾಝಿ ಚಿಹ್ನೆಯ ಹಚ್ಚೆಯಿದ್ದನೆಂದು ಹೇಳಲಾದ ತಂದೆಯೊಬ್ಬ, ತನ್ನ ಮಗುವನ್ನು ಕಪ್ಪು ನರ್ಸುಗಳು ಮುಟ್ಟಬಾರದೆಂದು ಕೇಳಿದ. ಅವನು ಕೇಳಿದ್ದು ಅಚ್ಚರಿಯಲ್ಲ. ಹಾಗೆಂದು ಬರೆದ ಚೀಟಿಯೊಂದು ಪಾಳಿ ಹಂಚುವ ಹಲಗೆಯ ಮೇಲೆ ಬಂದು ಕುಳಿತದ್ದು ಅಚ್ಚರಿ. ದಶಕಗಳಿಂದ ಅಲ್ಲಿ ಕೆಲಸ ಮಾಡುತ್ತಿದ್ದ ನರ್ಸ್ 2013ರ ಜನವರಿಯಲ್ಲಿ ಮೊಕದ್ದಮೆ ಹೂಡಿದರು, ಫೆಬ್ರುವರಿಯಲ್ಲೇ ಆಸ್ಪತ್ರೆ ರಾಜಿಗೆ ಬಂತು. ಅದಕ್ಕೆ ಮೊದಲೇ, 2010ರಲ್ಲಿ, ವೃದ್ಧಾಶ್ರಮವೊಂದರ ಪ್ರಕರಣದಲ್ಲಿ ಅಲ್ಲಿನ ಏಳನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ರೋಗಿಯ ಜನಾಂಗೀಯ ಇಷ್ಟವನ್ನು ನೆರವೇರಿಸಲೆಂದು ನೌಕರರ ಕೆಲಸ ಹಂಚುವಂತಿಲ್ಲ ಎಂದಿತ್ತು.

ಇಂಥ ಬೇಡಿಕೆ ನಿಮ್ಮ ಪಾಳಿಯಲ್ಲಿ ಬಂದರೆ ಉತ್ತರ ಕೊಡಬೇಕಾದವರು ನೀವಲ್ಲ, ಆ ಪಾಳಿಯ ಮೇಲ್ವಿಚಾರಕಿ. ಅವರನ್ನು ಕರೆಯಿರಿ, ಅಲ್ಲಿಯವರೆಗೆ ಮಗುವಿನ ಕೆಲಸ ನಿಲ್ಲಿಸಬೇಡಿ, ತಂದೆಯೊಂದಿಗೆ ವಾದಕ್ಕೂ ಇಳಿಯಬೇಡಿ. ನೀವೇ ಮೇಲ್ವಿಚಾರಕಿಯಾಗಿದ್ದರೆ ಹೇಳಬೇಕಾದದ್ದು ಚಿಕ್ಕದು: "ಇಲ್ಲಿ ಕೆಲಸ ಹಂಚುವುದು ಕೌಶಲ ನೋಡಿ. ನಿಮ್ಮ ಮಗುವಿಗೆ ಈ ಪಾಳಿಯ ನರ್ಸ್ ಇವರು." ಆಮೇಲೆ ಆ ನರ್ಸನ್ನು ಪಕ್ಕಕ್ಕೆ ಕರೆದು, ನಿಮಗೆ ಏನು ಬೇಕು ಎಂದು ಕೇಳಬೇಕು. ಆಕೆಗೇ ಆ ಹಾಸಿಗೆ ಬೇಡವೆನಿಸಿದರೆ ಬದಲಿಸಬಹುದು, ಆಗ ಅದು ಆಕೆಯ ಆಯ್ಕೆ. ಆಕೆಯನ್ನು ಕೇಳದೆ, ಶಾಂತಿ ಇರಲಿ ಎಂದು ಬೇರೆ ಕೋಣೆಗೆ ಹಾಕಿದರೆ ಆ ತಂದೆಯ ಚೀಟಿಗೆ ನೀವೇ ಸಹಿ ಹಾಕಿದಂತೆ. ಎದೆಹಾಲು ಕುಡಿಸಲು ಕಲಿಸುವಾಗ ಹೆಂಗಸರೇ ಇರಲಿ ಎಂದು ತಾಯಿ ಕೇಳುವುದನ್ನು ಇದರ ಜೊತೆ ಸೇರಿಸಬೇಡಿ, ಅದು ಮೈಮಾನದ ಪ್ರಶ್ನೆ. ಬ್ರಿಟನ್ನಿನಲ್ಲಿ 2020ರ ಏಪ್ರಿಲಿನಿಂದ ಸಿಬ್ಬಂದಿಯನ್ನು ಜನಾಂಗೀಯವಾಗಿ ನಿಂದಿಸುವವರಿಗೆ ತುರ್ತಲ್ಲದ ಚಿಕಿತ್ಸೆಯನ್ನು ನಿರಾಕರಿಸಲು ಅವಕಾಶವಿದೆ. ಎನ್‌ಐಸಿಯುವಿನಲ್ಲಿ ಅದು ಹೆಚ್ಚು ಉಪಯೋಗಕ್ಕೆ ಬಾರದು, ಏಕೆಂದರೆ ಬೈದವನು ತಂದೆ, ರೋಗಿ ಮಗು. ತಂದೆಯ ಭೇಟಿಯ ಸಮಯವನ್ನು, ರೀತಿಯನ್ನು ಕಟ್ಟುಪಾಡಿಗೆ ಒಳಪಡಿಸಬಹುದಷ್ಟೆ.

ನಡೆದದ್ದನ್ನು ಅದೇ ಪಾಳಿ ಮುಗಿಯುವ ಮುನ್ನ ಘಟನಾ ವರದಿಯಲ್ಲಿ ದಾಖಲಿಸಿ, ಅಲ್ಲಿನವರ ಬಾಯಲ್ಲಿ ಹೇಳುವುದಾದರೆ ಡೇಟಿಕ್ಸ್ ಮಾಡಿ. ಕೇಳಿದ ಮಾತನ್ನು ಕೇಳಿದಂತೆಯೇ ಬರೆಯಿರಿ. "ಅನುಚಿತ ಭಾಷೆ ಬಳಸಿದರು" ಎಂದು ಸೋಸಿ ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ.

ಆದರೆ ರೋಗಿಗಳ ಕಡೆಯಿಂದ ಬರುವುದಕ್ಕಿಂತ ಸಹೋದ್ಯೋಗಿಗಳ ನಡುವಿನದು ನಿಧಾನವಾಗಿ ಕೊರೆಯುತ್ತದೆ. ಇಂಗ್ಲೆಂಡಿನಲ್ಲಿ ಆಸ್ಪತ್ರೆಗಳನ್ನು ನಡೆಸುವ ಎನ್‌ಎಚ್‌ಎಸ್ ಟ್ರಸ್ಟುಗಳ ಸಿಬ್ಬಂದಿಯಲ್ಲಿ 2023ರ ಮಾರ್ಚಿನ ಲೆಕ್ಕಕ್ಕೆ ಶೇ. 26.4 ಮಂದಿ ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಜನಾಂಗದವರು. ಅದೇ ವರ್ಷದ ಲೆಕ್ಕದಂತೆ ಅಂತಿಮ ಪಟ್ಟಿಗೆ ಬಂದವರಲ್ಲಿ ಬಿಳಿಯ ಅಭ್ಯರ್ಥಿಗೆ ಹುದ್ದೆ ಸಿಗುವ ಸಾಧ್ಯತೆ ಇವರಿಗಿಂತ 1.59 ಪಟ್ಟು. ನವಜಾತ ಘಟಕದಲ್ಲಿ ಇದು ಕಾಣುವುದು ಕ್ಯೂಐಎಸ್ ಎಂಬ ವಿಶೇಷ ತರಬೇತಿಗೆ ಯಾರನ್ನು ಕಳಿಸುತ್ತಾರೆ ಎಂಬಲ್ಲಿ. ಅದಿಲ್ಲದೆ ತೀವ್ರ ನಿಗಾದ ಮಗುವಿನ ಹೊಣೆಯೂ ಇಲ್ಲ, ಬಡ್ತಿಯೂ ಇಲ್ಲ. ಊರಿನಲ್ಲಿ ಎಂಟು ವರ್ಷ ವೆಂಟಿಲೇಟರ್ ನೋಡಿಕೊಂಡು ಬಂದವಳು ನಾಲ್ಕು ಮಕ್ಕಳಿಗೆ ಒಬ್ಬಳಂತೆ ವಿಶೇಷ ಆರೈಕೆಯ ಕೋಣೆಯಲ್ಲೇ ಉಳಿಯುತ್ತಾಳೆ, ಅವಳಿಂದ ಕೆಲಸ ಕಲಿತ ಹೊಸಬಳು ತರಬೇತಿಗೆ ಹೋಗುತ್ತಾಳೆ. ಇದಕ್ಕೂ ಬರಹವೇ ಮದ್ದು. ವಾರ್ಷಿಕ ಮಾತುಕತೆಯಲ್ಲಿ ತರಬೇತಿ ಕೇಳಿದ ದಿನ, ಕೊಟ್ಟ ಉತ್ತರ, ಆ ವರ್ಷ ಹೋದವರ ಅನುಭವದ ವರ್ಷಗಳು, ಇವನ್ನು ಬರೆದಿಡಿ; ನಿರಾಕರಣೆಯ ಕಾರಣವನ್ನು ಇಮೇಲಿನಲ್ಲಿ ಕೇಳಿ. ಯೂನಿಯನ್ನಿಗೆ ಕಷ್ಟ ಬಂದಾಗ ಸೇರೋಣ ಎನ್ನಬೇಡಿ, ಹಳೆಯ ತಕರಾರುಗಳಿಗೆ ಅವರು ನೆರವಾಗದಿರಬಹುದು. ಪ್ರತಿ ಟ್ರಸ್ಟಿನಲ್ಲಿಯೂ ಸಿಬ್ಬಂದಿಯ ಅಹವಾಲು ಕೇಳುವ ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಇರುತ್ತಾರೆ, ಅವರೊಂದಿಗೆ ಗುಟ್ಟಾಗಿ ಮಾತನಾಡಬಹುದು. ಉದ್ಯೋಗ ನ್ಯಾಯಮಂಡಳಿಗೆ ಹೋಗುವುದಾದರೆ ಮೊದಲು ಅಕಾಸ್ ಎಂಬ ರಾಜಿ ಸಂಸ್ಥೆಗೆ ತಿಳಿಸಬೇಕು. ಮೂರು ತಿಂಗಳಿಗೆ ಒಂದು ದಿನ ಕಡಿಮೆ ಎಂಬುದು ಬಹುಕಾಲದಿಂದ ಇರುವ ಗಡುವು; ಅದನ್ನು ಹೆಚ್ಚಿಸುವ ಸುಧಾರಣೆಯ ಮಾತು ಕೇಳಿದರೂ ಚಿಕ್ಕ ಗಡುವನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ವೀಸಾದ ಹೆದರಿಕೆಯೇ ನಮ್ಮವರ ಬಾಯಿ ಕಟ್ಟುವುದು. ಪ್ರಾಯೋಜಿಸಿದ ಸಂಸ್ಥೆಯಲ್ಲಿ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಬೇರೆ ಪ್ರಾಯೋಜಕರನ್ನು ಹುಡುಕಬೇಕು ಎಂಬುದು ನಿಜ. ತಾರತಮ್ಯದ ದೂರು ಕೊಟ್ಟ ಕಾರಣಕ್ಕೆ ನೌಕರರನ್ನು ಪೀಡಿಸುವುದೇ ಸಮಾನತಾ ಕಾಯ್ದೆಯ 27ನೆಯ ಸೆಕ್ಷನ್ನಿನ ಪ್ರಕಾರ ಪ್ರತ್ಯೇಕ ತಪ್ಪು ಎಂಬುದೂ ಅಷ್ಟೇ ನಿಜ.

ಇಲ್ಲಿ ನಮ್ಮ ಮನೆಯ ಮಾತನ್ನೂ ಆಡಬೇಕು. ನೈಜೀರಿಯಾದ ನರ್ಸ್ ಬೇಡ, "ಬೇರೆಯವರನ್ನು" ಕೊಡಿ ಎಂದು ನನ್ನ ಬಳಿ ಕನ್ನಡದಲ್ಲಿ ಪಿಸುಗುಟ್ಟಿದ ಅಜ್ಜಿಯಂದಿರಿದ್ದಾರೆ. ವಿಡಿಯೊ ಕರೆಯಲ್ಲಿ ಊರಿನವರು ಮೊದಲು ಕೇಳುವುದು ಮಗು ಬೆಳ್ಳಗಿದೆಯೇ ಎಂದು, ತೂಕ ಆಮೇಲೆ. ಅದೇ ಊರಿಂದ ಬಂದ ನರ್ಸಿನ ಜಾತಿಯನ್ನು ಮನೆತನದ ಹೆಸರಿನ ನೆಪದಲ್ಲಿ ವಿಚಾರಿಸುವವರೂ ಕಡಿಮೆಯಿಲ್ಲ. ಆ ಅಜ್ಜಿಗೆ ನಾನು ಕೊಟ್ಟ ಉತ್ತರ, ಮೇಲ್ವಿಚಾರಕಿ ಕೊಡಬೇಕೆಂದು ಮೇಲೆ ಬರೆದ ಉತ್ತರವೇ: "ಅಮ್ಮಾ, ಈ ಪಾಳಿಗೆ ನಿಮ್ಮ ಮೊಮ್ಮಗನ ಸಿಸ್ಟರ್ ಇವರೇ."

ಮನೆಗೆ ಹೊರಡುವ ದಿನ

ಔಷಧ, ಕಣ್ಣಿನ ಪರೀಕ್ಷೆ, ಮುಂದಿನ ಭೇಟಿಗಳ ಗದ್ದಲದಲ್ಲಿ ಒಂದು ಕೆಲಸ ತಪ್ಪಿಹೋಗುತ್ತದೆ. ನಮ್ಮ ಮಕ್ಕಳ ಸೊಂಟ, ಬೆನ್ನು, ಪೃಷ್ಠದ ಮೇಲೆ, ಕೆಲವೊಮ್ಮೆ ಭುಜ ಕಾಲುಗಳ ಮೇಲೂ, ಹುಟ್ಟುವಾಗಲೇ ನೀಲಿಬೂದು ಬಣ್ಣದ ಮಚ್ಚೆಗಳಿರುತ್ತವೆ. ಅವು ನಿರಪಾಯಕಾರಿ, ಕೆಲವು ವರ್ಷಗಳಲ್ಲಿ ಬಹುಪಾಲು ಮಾಸಿಹೋಗುತ್ತವೆ. ಆದರೆ ಅವನ್ನು ಕಂಡರಿಯದ ಕಣ್ಣಿಗೆ ಅವು ಪೆಟ್ಟು ಬಿದ್ದು ನೀಲಿಗಟ್ಟಿದ ಗುರುತಿನಂತೆ ಕಾಣುತ್ತವೆ. ಮಗುವನ್ನು ಹೊಡೆದಿದ್ದಾರೆಂಬ ಅನುಮಾನದಿಂದ ಮಕ್ಕಳ ರಕ್ಷಣಾ ವಿಭಾಗದವರು ವಿಚಾರಣೆಗೆ ಬಂದ ಪ್ರಸಂಗಗಳಿವೆ. ಹೊರಡುವ ಮುನ್ನ ಮಗುವಿನ ಬಟ್ಟೆ ಬಿಚ್ಚಿಸಿ, ಪ್ರತಿ ಮಚ್ಚೆಯ ಜಾಗವನ್ನೂ ಅಳತೆಯನ್ನೂ ಡಿಸ್ಚಾರ್ಜ್ ಪತ್ರದಲ್ಲಿ ಮತ್ತು ರೆಡ್ ಬುಕ್ ಎಂದು ಕರೆಯುವ ಮಗುವಿನ ಆರೋಗ್ಯ ಪುಸ್ತಕದಲ್ಲಿ ಬರೆಸಿ. ದೇಹದ ರೇಖಾಚಿತ್ರದ ಮೇಲೆ ಗುರುತು ಹಾಕಿ, ಹೆಸರು ಬರೆದು ಸಹಿ ಮಾಡಿಸಿ. ಅದೇ ದಿನ ನಿಮ್ಮ ಫೋನಿನಲ್ಲೂ ದಿನಾಂಕ ಕಾಣುವಂತೆ ಫೋಟೊ ತೆಗೆದುಕೊಳ್ಳಿ. ಮಗುವನ್ನು ನೋಡಲು ಮನೆಗೆ ಬರುವ ಹೆಲ್ತ್ ವಿಸಿಟರ್ ಎಂಬ ನರ್ಸ್ ಮೊದಲ ಬಾರಿ ಮಗುವಿನ ಬಟ್ಟೆ ಬಿಚ್ಚುವ ಮುನ್ನ ಆ ಪುಟವನ್ನು ತೆರೆದು ಅವರ ಕೈಗೆ ಕೊಡಿ.